ಏಳು ವರ್ಷದ ಮಗುವಿಗೆ ಐಕ್ಯೂ ಪರೀಕ್ಷೆ ಯಾಕೆ? – ಸಂಪಾದಕರ ಉತ್ತರ

ಓದುಗರೊಬ್ಬರು ಬರೆದಿದ್ದಾರೆ: ‘ಹುಟ್ಟುಗುಣ ಸುಟ್ಟರೂ ಹೋಗದು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಬುದ್ಧಿ ಅಪ್ಪ ಅಮ್ಮನಿಂದಲೇ ಬರುತ್ತದೆ ಎಂದು ವಿಜ್ಞಾನಿಗಳೂ ಹೇಳುತ್ತಾರೆ. ಹಾಗಿದ್ದ ಮೇಲೆ ಮಕ್ಕಳ ಹಿಂದೆ ಬಿದ್ದು ಒದ್ದಾಡುವುದೇಕೆ? ನೀವು ಕೊಂಡಾಡುವ ಭಾವನಾತ್ಮಕ ಬುದ್ಧಿಮತ್ತೆ, ಅಂಕ ಬಾರದವರಿಗೆ ಕೊಡುವ ಸಮಾಧಾನದ ಬಹುಮಾನ ಅಲ್ವಾ? ನನ್ನ ಮಗನಿಗೆ ಏಳು ವರ್ಷ. ಐಕ್ಯೂ ಪರೀಕ್ಷೆ ಮಾಡಿಸಿ, ಅವನಿಂದ ಎಷ್ಟು ನಿರೀಕ್ಷಿಸಬಹುದು ಎಂದು ಈಗಲೇ ತಿಳಿದುಕೊಳ್ಳಲೇ?’

ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಕೇಳಿದ್ದೀರಿ, ಸಂತೋಷ. ಬುದ್ಧಿಯಲ್ಲಿ ಜೀನ್‌ಗಳ, ಅಂದರೆ ವಂಶವಾಹಿಗಳ, ಪಾಲು ಖಂಡಿತ ಇದೆ. ಬೇರೆ ಬೇರೆ ಮನೆಗಳಲ್ಲಿ ಬೆಳೆದ ತದ್ರೂಪಿ ಅವಳಿಗಳನ್ನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು 1979ರಿಂದ ಪರೀಕ್ಷಿಸಿದರು. ಐಕ್ಯೂ ವ್ಯತ್ಯಾಸದಲ್ಲಿ ಸುಮಾರು ಶೇ 70ರಷ್ಟು ವಂಶದಿಂದ ಬಂದದ್ದು ಎಂದು 1990ರಲ್ಲಿ ಲೆಕ್ಕ ಕೊಟ್ಟರು. ಇದನ್ನು ತಳ್ಳಿಹಾಕುವಂತಿಲ್ಲ.

ಆದರೆ ಆ ಲೆಕ್ಕವನ್ನು ನೀವು ತಪ್ಪಾಗಿ ಓದುತ್ತಿದ್ದೀರಿ. ನಿಮ್ಮ ಮಗನ ಬುದ್ಧಿಯಲ್ಲಿ ಎಪ್ಪತ್ತು ಪಾಲು ನಿಮ್ಮದು, ಉಳಿದದ್ದು ಶಾಲೆಯದು ಎಂದು ಅದರ ಅರ್ಥವಲ್ಲ. ಒಂದು ಗುಂಪಿನ ಜನರ ನಡುವೆ ಕಾಣುವ ಹೆಚ್ಚುಕಡಿಮೆಗೆ ಮಾತ್ರ ಅದು ಅನ್ವಯ. ಗುಂಪು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಮನಶ್ಶಾಸ್ತ್ರಜ್ಞ ಎರಿಕ್ ಟರ್ಕ್‌ಹೈಮರ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. ಅವರು ನೋಡಿದ ಅಮೆರಿಕದ ಅವಳಿ ಮಕ್ಕಳಿಗೂ ನಿಮ್ಮ ಮಗನ ವಯಸ್ಸೇ, ಏಳು. ಅನುಕೂಲಸ್ಥರ ಮನೆಗಳಲ್ಲಿ ಜೀನ್‌ಗಳ ಪಾಲು ದೊಡ್ಡದಾಗಿ ಕಂಡಿತು. ಕಡುಬಡವರ ಮನೆಗಳಲ್ಲಿ ಅದು ಸೊನ್ನೆಯ ಹತ್ತಿರ ಬಂತು. ನೀರು ಗೊಬ್ಬರವೇ ಸಿಗದ ಮಣ್ಣಿನಲ್ಲಿ ಒಳ್ಳೆಯ ಬೀಜ ತಾನೇ ಏನು ಮಾಡೀತು?

ಹುಟ್ಟುಗುಣದ ಮಾತಿಗೆ ಬರೋಣ. ಫೀನೈಲ್‌ಕೀಟೋನ್ಯೂರಿಯ ಎಂಬ ಕಾಯಿಲೆ ಪೂರ್ತಿ ವಂಶವಾಹಿಯಿಂದಲೇ ಬರುತ್ತದೆ. ಗಮನಿಸದೆ ಬಿಟ್ಟರೆ ಮಗುವಿನ ಮಿದುಳಿಗೆ ಪೆಟ್ಟು ಬೀಳುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ರಕ್ತ ಪರೀಕ್ಷೆಯಿಂದ ಪತ್ತೆಹಚ್ಚಿ, ಫೀನೈಲ್‌ಅಲನಿನ್ ಎಂಬ ಪ್ರೋಟೀನಿನ ಅಂಶ ಕಡಿಮೆ ಇರುವ ಆಹಾರ ಕೊಟ್ಟುಕೊಂಡು ಬಂದರೆ ಮಗು ಹೆಚ್ಚುಕಡಿಮೆ ಎಲ್ಲರಂತೆ ಬೆಳೆಯುತ್ತದೆ. ಹುಟ್ಟುಗುಣವನ್ನು ಸುಡಬೇಕಾಗಿಯೇ ಬರಲಿಲ್ಲ, ಊಟ ಬದಲಿಸಿದ್ದಕ್ಕೇ ಇಷ್ಟು ಆಯಿತು. ಐಕ್ಯೂ ಅಂಕಗಳನ್ನು ಅಧ್ಯಯನ ಮಾಡಿದ ಜೇಮ್ಸ್ ಫ್ಲಿನ್ ತೋರಿಸಿದ್ದು ಇನ್ನೊಂದು. ಇಪ್ಪತ್ತನೇ ಶತಮಾನದಲ್ಲಿ ಹಲವು ದೇಶಗಳಲ್ಲಿ ಸರಾಸರಿ ಐಕ್ಯೂ ದಶಕಕ್ಕೆ ಸುಮಾರು 3 ಅಂಕದಂತೆ ಏರಿತು. ಜೀನ್‌ಗಳು ಅಷ್ಟು ಬೇಗ ಬದಲಾಗುವುದಿಲ್ಲ.

ಈಗ ಭಾವನಾತ್ಮಕ ಬುದ್ಧಿಮತ್ತೆಯ ವಿಷಯ. ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ 1990ರಲ್ಲಿ ಇದನ್ನು ವಿವರಿಸಿದಾಗ ಯಾರಿಗೂ ಬಹುಮಾನ ಹಂಚಲು ಹೊರಟಿರಲಿಲ್ಲ. ತನ್ನ ಮತ್ತು ಇತರರ ಭಾವನೆಯನ್ನು ಗುರುತಿಸುವುದು, ಅದನ್ನು ಯೋಚನೆಗೆ ಬಳಸುವುದು ಒಂದು ಸಾಮರ್ಥ್ಯ ಎಂದರು. ನನ್ನ ತರಗತಿಯಲ್ಲಿ ಲೆಕ್ಕ ಬಾರದ ಹುಡುಗನೊಬ್ಬನಿದ್ದ. ಒಂದನೇ ತರಗತಿಯಲ್ಲಿ ಯಾವುದಾದರೂ ಮಗು ಅಳು ನಿಲ್ಲಿಸದಿದ್ದರೆ ಶಿಕ್ಷಕರು ಇವನನ್ನೇ ಕರೆಸುತ್ತಿದ್ದರು. ಇವನು ‘ಯಾಕೆ ಅಳ್ತೀಯಾ’ ಅಂತ ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಕೂತು ತನ್ನ ಬೂಟಿನ ದಾರ ಬಿಚ್ಚಿ, ನಿಧಾನವಾಗಿ ಮತ್ತೆ ಕಟ್ಟುತ್ತಿದ್ದ. ಮಗುವಿನ ಕಣ್ಣು ದಾರದ ಕಡೆ ತಿರುಗುತ್ತಿತ್ತು. ಆಮೇಲೆ ದಾರದ ಒಂದು ತುದಿಯನ್ನು ಅದರ ಕೈಗೆ ಕೊಡುತ್ತಿದ್ದ. ಇಷ್ಟು ಸೂಕ್ಷ್ಮ ಬಲ್ಲವನನ್ನು ಅದೇ ಶಿಕ್ಷಕರು ಮಧ್ಯಾಹ್ನ ‘ದಡ್ಡ’ ಎಂದು ಕರೆಯುತ್ತಿದ್ದರು. ನನಗೆ ಇವತ್ತಿಗೂ ಅದು ಸಂಕಟ.

ಹಣೆಪಟ್ಟಿ ಹಚ್ಚುವ ಈ ಆತುರವೇ ನನಗೆ ಸಿಟ್ಟು ತರಿಸುವುದು. ತಾಯಿಯಂತೆಯೇ ಮಂದಬುದ್ಧಿಯವಳು ಎಂಬ ಹಣೆಪಟ್ಟಿ ಹೊತ್ತಿದ್ದ ಕ್ಯಾರಿ ಬಕ್ ಎಂಬ ಯುವತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದೆಂದು 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿತು. ಮೂರು ತಲೆಮಾರಿನ ಮಂದಬುದ್ಧಿ ಸಾಕು ಎಂದು ನ್ಯಾಯಮೂರ್ತಿ ಹೋಮ್ಸ್ ಬರೆದರು. ಆ ಮೂರನೇ ತಲೆಮಾರು ಯಾರು ಗೊತ್ತಾ? ಕೈಗೂಸಾಗಿದ್ದಾಗಲೇ ಹಣೆಪಟ್ಟಿ ಹಚ್ಚಿಸಿಕೊಂಡ ಅವಳ ಮಗಳು ವಿವಿಯನ್. ಮುಂದೆ ಶಾಲೆಯಲ್ಲಿ ಅವಳ ಹೆಸರು ಚೆನ್ನಾಗಿ ಓದುವವರ ಪಟ್ಟಿಗೆ ಬಂತು. ಎಂಟನೇ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಇತ್ತ ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಿಂದ ಪ್ರತಿಭಾವಂತ ಮಕ್ಕಳನ್ನು ಐಕ್ಯೂ ನೋಡಿ ಆರಿಸಿದರಲ್ಲ, ಅಲ್ಲಿ ಅಂಕ ಸಾಲದೆ ಹೊರಗುಳಿದ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್ ಮುಂದೆ ನೊಬೆಲ್ ಪಡೆದರು.

ಪ್ಯಾರಿಸ್‌ನಲ್ಲಿ ಮನಶ್ಶಾಸ್ತ್ರಜ್ಞ ಆಲ್‌ಫ್ರೆಡ್ ಬಿನೆ 1905ರಲ್ಲಿ ಈ ಪರೀಕ್ಷೆ ಶುರು ಮಾಡಿದ್ದೇ ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ನೆರವು ಬೇಕು ಎಂದು ತಿಳಿಯಲು. ಬುದ್ಧಿ ಬೆಳೆಯಲಾರದು ಎಂಬ ಮಾತನ್ನು ಅವರು ಗಟ್ಟಿಯಾಗಿ ವಿರೋಧಿಸಿದ್ದರು. ನಿಮ್ಮ ಮಗನಿಗೆ ಓದು ಬರಹ ಕಷ್ಟವಾಗುತ್ತಿದ್ದರೆ, ಮೊದಲು ಕಣ್ಣು ಕಿವಿ ತೋರಿಸಿ. ಆಮೇಲೂ ಬೇಕೆನಿಸಿದರೆ ಪರೀಕ್ಷೆ ಮಾಡಿಸಿ, ಎಲ್ಲಿ ನೆರವು ಬೇಕೆಂದು ಕೇಳಿಕೊಂಡು ಬನ್ನಿ. ಬಂದ ಅಂಕವನ್ನು ಅವನ ಮುಂದೆ, ನೆಂಟರ ಮುಂದೆ ಆಡಬೇಡಿ. ಕಷ್ಟವೇನೂ ಇಲ್ಲದಿದ್ದರೆ ಪರೀಕ್ಷೆಯ ಗೋಜೇ ಬೇಡ. ಇಷ್ಟುದ್ದದ ಪತ್ರದಲ್ಲಿ ಅವನಿಗೆ ಏನು ಇಷ್ಟ ಎಂದು ಒಂದು ಸಾಲೂ ಇಲ್ಲ. ಅವನನ್ನೇ ಕೇಳಿ, ಮುಂದಿನ ಪತ್ರದಲ್ಲಿ ಬರೆಯಿರಿ.