ನೌಕಾಪಡೆಯ ಹಳೇ ‘ಗುಡ್ ಮಾರ್ನಿಂಗ್’ ಪತ್ರಿಕೆ ಸಿಕ್ಕಿದೆ, ತಾರೀಖಿಲ್ಲ. ನಕಲಿಯಾ? ಲ್ಯಾಮಿನೇಟ್ ಮಾಡಿಸಿ ಮಾರಿದರೆ ಎಷ್ಟು ಸಿಗಬಹುದು?

ತಾರೀಖಿಲ್ಲ ಅಂತ ನಕಲಿ ಅಂದುಕೊಳ್ಳಬೇಡಿ. ಲ್ಯಾಮಿನೇಟ್ ಅಂತೂ ದಯವಿಟ್ಟು ಬೇಡ. ನಾನು ಮಾಡಿಸಿ ಹಾಳು ಮಾಡಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಗಾಸ್ಪೋರ್ಟ್‌ನಲ್ಲಿ. ಬ್ರಿಟಿಷ್ ನೌಕಾಪಡೆಯ ಸಬ್‌ಮರೀನ್ ಮ್ಯೂಸಿಯಂ ಇರುವ ಊರು. ಪಕ್ಕದ ಮನೆಯ ಅಜ್ಜಿ ಮನೆ ಖಾಲಿ ಮಾಡುವಾಗ, ತಮ್ಮ ಅಪ್ಪ ಎರಡನೇ ಮಹಾಯುದ್ಧದಿಂದ ತಂದಿಟ್ಟಿದ್ದ ಒಂದು ‘ಗುಡ್ ಮಾರ್ನಿಂಗ್’ ನನ್ನ ಕೈಗೆ ಕೊಟ್ಟರು. ನಾಲ್ಕೇ ಪುಟ. ನನಗೂ ನಿಮ್ಮ ಅನುಮಾನವೇ ಬಂತು. ದಿನಪತ್ರಿಕೆ ಅಂತ ಬರೆದಿದೆ, ಇರುವುದು ಬರೀ ನಂಬರ್!

ಅಜ್ಜಿ ಬಿಡಿಸಿ ಹೇಳಿದರು. ಸಬ್‌ಮರೀನ್ ಹೊರಟರೆ ವಾರಗಟ್ಟಲೆ ದಡ ಕಾಣುವುದಿಲ್ಲ. ಅದಕ್ಕೇ ಹೊರಡುವ ಮೊದಲೇ ಪತ್ರಿಕೆಯ ಕಟ್ಟು ಒಳಗೆ ಹೋಗುತ್ತಿತ್ತು. ಕಾಕ್ಸ್‌ವೈನ್, ಅಂದರೆ ಸಬ್‌ಮರೀನ್‌ನ ಹಿರಿಯ ನಾವಿಕ, ದಿನಕ್ಕೊಂದು ಸಂಚಿಕೆ ತೆಗೆದು ಹಂಚುತ್ತಿದ್ದ. ಅವತ್ತು ಕೈಗೆ ಬಂದದ್ದೇ ಅವತ್ತಿನ ಪತ್ರಿಕೆ. ಲಂಡನ್ನಿನ ಡೈಲಿ ಮಿರರ್ ಪತ್ರಿಕೆಯವರು 1943ರಿಂದ 1945ರವರೆಗೆ ಸಬ್‌ಮರೀನ್ ನಾವಿಕರಿಗೆಂದೇ ತಂದ 924 ಸಂಚಿಕೆಗಳು ಇವು. ಮೊದಲೇ ಅಚ್ಚಾಗಿರುತ್ತಿದ್ದರಿಂದ ಬಿಸಿ ಸುದ್ದಿ ಇರುತ್ತಿರಲಿಲ್ಲ. ಕಾರ್ಟೂನ್, ಲೇಖನ, ಒಗಟು, ಜೊತೆಗೆ ನಾವಿಕರ ಮನೆಗೇ ಹೋಗಿ ತೆಗೆದ ಹೆಂಡತಿ ಮಕ್ಕಳ ಫೋಟೋ. ಸಮುದ್ರದ ಅಡಿಯಲ್ಲಿ ಕೂತವನಿಗೆ ಅದಕ್ಕಿಂತ ಸುದ್ದಿ ಬೇಕಾ?

ನನ್ನ ಪ್ರತಿಯ ಅಂಚಿನಲ್ಲಿ ಪೆನ್ಸಿಲ್ ಗೀಟುಗಳಿದ್ದವು. ನಾಲ್ಕು ಉದ್ದ, ಮೇಲೊಂದು ಅಡ್ಡ. ಅಪ್ಪ ದಿನ ಎಣಿಸಿದ್ದು ಅಂದರು ಅಜ್ಜಿ.

ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೂ ಲ್ಯಾಮಿನೇಶನ್, ದೇವರ ಫೋಟೋಗೂ ಲ್ಯಾಮಿನೇಶನ್, ಅಲ್ವಾ? ಕಾಪಾಡುವುದು ಅಂದರೆ ನನಗೆ ಅದೊಂದೇ ಗೊತ್ತಿತ್ತು. ಅಂಗಡಿಯವರು ಅಳತೆಗೆ ಕೂರಲಿ ಅಂತ ಅಂಚು ಕತ್ತರಿಸಿದರು. ಗೀಟು ಕಸದ ಬುಟ್ಟಿಗೆ ಹೋಯಿತು. ಅಂಚು ಮುಟ್ಟಬೇಡಿ ಅಂತ ನಾನು ಹೇಳಲೇ ಇಲ್ಲ. ಹೇಳಬೇಕು ಅಂತ ಹೊಳೆಯಲೂ ಇಲ್ಲ. ಅಷ್ಟೇ ಅಲ್ಲ. ಲ್ಯಾಮಿನೇಶನ್‌ನಲ್ಲಿ ಅಂಟು ಬಿಸಿಗೆ ಕರಗಿ ಕಾಗದದ ಎಳೆಯೊಳಗೇ ಇಳಿಯುತ್ತದೆ. ಪ್ಲಾಸ್ಟಿಕ್ ಎಳೆದರೆ ಅಕ್ಷರವೂ ಕಿತ್ತು ಬರುತ್ತದೆ. ಸುದ್ದಿ ಕಾಗದ ಮರದ ತಿರುಳಿನದು, ಅದರೊಳಗೇ ಆಮ್ಲ ಹುಟ್ಟುತ್ತಿರುತ್ತದೆ. ಆ ಆಮ್ಲವನ್ನು ಕಾಗದದ ಜೊತೆಗೇ ಮುಚ್ಚಿಟ್ಟ ಹಾಗಾಯಿತು. ಈಗ ಅದು ಒಳಗೇ ಕಂದುತ್ತಿದೆ, ನಾನು ಸುಮ್ನೆ ನೋಡುತ್ತಿದ್ದೇನೆ. ಅಜ್ಜಿಗೆ ಇನ್ನೂ ಹೇಳಿಲ್ಲ.

ನೀವು ಪಾಲಿಯೆಸ್ಟರ್ ಕವರ್ ತನ್ನಿ, ಬಟ್ಟೆಯದಲ್ಲ, ಪ್ಲಾಸ್ಟಿಕ್ ಹಾಳೆಯದು. ಅದು ಅಂಟುವುದಿಲ್ಲ, ಬೇಕಾದಾಗ ಹೊರಗೆ ತೆಗೆಯಬಹುದು. ಹಿಂದೆ ಆಮ್ಲವಿಲ್ಲದ ರಟ್ಟು ಕೊಟ್ಟು, ಚಪ್ಪಟೆಯಾಗಿ ಕತ್ತಲಲ್ಲಿಡಿ. ಅಟ್ಟ ಬೇಡ, ಅಲ್ಲಿ ಬಿಸಿ ಜಾಸ್ತಿ. ಹರಿದಿದ್ದರೂ ಸೆಲೋಟೇಪ್ ಹಚ್ಚಬೇಡಿ. ಗೋಡೆಗೆ ಹಾಕಲೇಬೇಕಾದರೆ ಕಲರ್ ಜೆರಾಕ್ಸ್ ಫ್ರೇಮ್ ಮಾಡಿಸಿ.

ಇನ್ನು ರೇಟು. ನನ್ನನ್ನು ಕೇಳಿದರೆ ಅದು ತಪ್ಪು ಪ್ರಶ್ನೆ. ಯಾರ ಕೈಯಿಂದ ಬಂತು, ಅವರು ಯಾವ ಸಬ್‌ಮರೀನ್‌ನಲ್ಲಿದ್ದರು, ಅದನ್ನು ಮೊದಲು ಕೇಳಿ ಬರೆದಿಡಿ. ಆ ಚೀಟಿ ಇಲ್ಲದಿದ್ದರೆ ಅದೂ ಒಂದು ಹಳೇ ಪೇಪರ್ ಅಷ್ಟೇ. ಕೊಟ್ಟವರು ಬದುಕಿದ್ದರೆ ಇವತ್ತೇ ಫೋನ್ ಮಾಡಿ.

ಮತ್ತೆ, ನಾಲ್ಕೂ ಪುಟದ ಅಂಚನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಪೆನ್ಸಿಲ್ ಗುರುತೇನಾದರೂ ಕಂಡರೆ ನನಗೂ ತಿಳಿಸಿ.