9012 ಬಂದಾಗ ಪಕ್ಕದ ಮಷೀನಿನ ಆಂಪ್ಲಿಫೈಯರ್ ಬಿಚ್ಚಬೇಡಿ

ಫ್ಯಾನಕ್ ಕಂಟ್ರೋಲಿನ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷೀನ್), ರಫಿಂಗ್ (ಮೊದಲ ದಪ್ಪ ಕಟಿಂಗ್) ಮಾಡುವಾಗ ಎಸ್‌ಪಿ 9012 ಅನ್ನುವ ಸ್ಪಿಂಡಲ್ (ಟೂಲ್ ತಿರುಗಿಸುವ ಶಾಫ್ಟ್) ಅಲಾರ್ಮ್ ಬರುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಹತ್ತು ನಿಮಿಷ ಓಡಿ ಮತ್ತೆ ಬರುತ್ತದೆ, ನಾಳೆ ಪಕ್ಕದ ಮಷೀನಿನ ಆಂಪ್ಲಿಫೈಯರ್ (ಸ್ಪಿಂಡಲ್ ಮೋಟಾರಿಗೆ ಕರೆಂಟ್ ಕೊಡುವ ಡ್ರೈವ್) ಹಾಕಿ ನೋಡುತ್ತೇನೆ ಅಂತ ಬರೆದಿದ್ದೀರಿ. ಬೇಡ ಮಾರಾಯ್ರೇ. ನಾನು ಪೀಣ್ಯದಲ್ಲಿದ್ದಾಗ ಇದನ್ನೇ ಮಾಡಿ ಒಂದರ ಬದಲು ಎರಡು ಆಂಪ್ಲಿಫೈಯರ್ ಕಳೆದುಕೊಂಡವನು.

ನೈಟ್ ಶಿಫ್ಟು, ಬೆಳಿಗ್ಗೆ ಲಾಟ್ ಹೋಗಬೇಕು. ಏಳೆಂಟು ಸಲ ಆಫ್-ಆನ್ ಮಾಡಿದೆ. ಕೊನೆಯ ಸಲ ಪ್ಯಾನಲ್ ಒಳಗಿಂದ ಡಬ್ ಅಂತ ಸದ್ದು, ಸುಟ್ಟ ವಾಸನೆ. ಆಂಪ್ಲಿಫೈಯರ್ ಹೋಯಿತು ಅಂತ ಎರಡನೇ ಮಷೀನಿಂದ ಅದೇ ಮಾಡೆಲ್ ಬಿಚ್ಚಿ ತಂದು ಹಾಕಿದೆ. ಸ್ಪಿಂಡಲ್ ಸ್ಟಾರ್ಟ್ ಒತ್ತಿದ ತಕ್ಷಣ ಅದೂ ಢಮಾರ್! ಆಮೇಲೆ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿದರೆ ಮೋಟಾರಿನಲ್ಲಿ ಬರೀ 0.3 ಮೆಗಾಓಮ್. ಟರ್ಮಿನಲ್ ಬಾಕ್ಸಿನಲ್ಲಿ ಕೇಬಲ್ ಒಳಹೋಗುವ ಗ್ಲ್ಯಾಂಡ್ ಸಡಿಲವಾಗಿತ್ತು, ಒಳಗೆಲ್ಲಾ ಕೂಲಂಟ್. ದಿನಾ ಸಂಜೆ ನಮ್ಮ ಹುಡುಗ ಅಲ್ಲೇ ಏರ್ ಗನ್ ಹಿಡಿದು ಕ್ಲೀನ್ ಮಾಡುತ್ತಿದ್ದ, ಮಾಡು ಅಂತ ಹೇಳಿದ್ದೂ ನಾನೇ.

9012 ಅಂದರೆ ಡಿಸಿ ಲಿಂಕಿನಲ್ಲಿ (ಎಸಿಯನ್ನು ಡಿಸಿ ಮಾಡಿ ಆಂಪ್ಲಿಫೈಯರಿಗೆ ಕೊಡುವ ಲೈನು) ಓವರ್ ಕರೆಂಟ್. ಆಂಪ್ಲಿಫೈಯರ್ ಕೆಟ್ಟಿರಬಹುದು, ಆದರೆ ಮೋಟಾರೋ ಪವರ್ ಕೇಬಲ್ಲೋ ಅರ್ತ್ ಆಗಿ, ಅಂದರೆ ಕರೆಂಟ್ ಮೋಟಾರ್ ಬಾಡಿಯತ್ತ ಸೋರಿ, ಆಂಪ್ಲಿಫೈಯರನ್ನು ಕೊಲ್ಲುತ್ತಿರಲೂಬಹುದು. ಎರಡನೆಯದಾದರೆ ನೀವು ಎಷ್ಟು ಒಳ್ಳೆ ಆಂಪ್ಲಿಫೈಯರ್ ತಂದು ಹಾಕಿದರೂ ಬಲಿ ಕೊಟ್ಟಂತೆಯೇ. ಅದಕ್ಕೇ ಮೊದಲು ಮೆಗ್ಗರ್. ಮಲ್ಟಿಮೀಟರಿನ ಓಮ್ಸ್ ರೇಂಜಲ್ಲಿ ನೋಡಿ ಸರಿ ಇದೆ ಅನ್ನಬೇಡಿ, ಆ ಸಣ್ಣ ಬ್ಯಾಟರಿ ವೋಲ್ಟೇಜಿಗೆ ಒದ್ದೆ ವೈಂಡಿಂಗ್ ಬಾಯಿ ಬಿಡುವುದಿಲ್ಲ.

ಪ್ಯಾನಲ್ ತೆಗೆಯುವ ಮುಂಚೆ ಮೇನ್ ಐಸೊಲೇಟರ್ ಆಫ್, ಅದಕ್ಕೆ ಬೀಗ, ಕೀ ನಿಮ್ಮ ಜೇಬಿನಲ್ಲಿ. ಬೋರ್ಡ್ ನೇತು ಹಾಕಿದರೆ ಸಾಕು ಅನ್ನುವವರ ಮಾತು ಕೇಳಬೇಡಿ, ನಮ್ಮಲ್ಲಿ ಬೋರ್ಡ್ ಓದುವವರು ಯಾರು? ಪವರ್ ಹೋದ ಮೇಲೂ ಕೆಪಾಸಿಟರುಗಳಲ್ಲಿ ಚಾರ್ಜ್ ಇರುತ್ತದೆ. 200 ವೋಲ್ಟ್ ಸೀರೀಸ್ ಆದರೆ ಡಿಸಿ ಲಿಂಕಿನಲ್ಲಿ ಸುಮಾರು 300 ವೋಲ್ಟ್, 400ರದ್ದಾದರೆ ಹತ್ತಿರ ಹತ್ತಿರ 600, ಎರಡೂ ಪ್ರಾಣ ತೆಗೆಯುವಂಥವೇ. ಚಾರ್ಜ್ ಎಲ್‌ಇಡಿ ಪೂರ್ತಿ ಆರುವ ತನಕ ಕಾಯಿರಿ. ಆರಿತು ಅಂತಲೂ ನಂಬಬೇಡಿ, ಎಲ್‌ಇಡಿಯೇ ಸತ್ತಿರಬಹುದು. ನಾನು 20 ನಿಮಿಷ ಚಹಾಕ್ಕೆ ಹೋಗಿ ಬಂದು, ಮೀಟರಲ್ಲಿ ಡಿಸಿ ವೋಲ್ಟ್ ಅಳೆದು, ಸೊನ್ನೆ ಕಂಡ ಮೇಲೆ ಕೈ ಹಾಕುತ್ತೇನೆ. ಈ ಒಂದು ಕೆಲಸಕ್ಕಾದರೂ ಫ್ಲೂಕ್ ತರಹದ ಒಳ್ಳೆ ಕಂಪನಿಯ ಮೀಟರ್ ಇಟ್ಟುಕೊಳ್ಳಿ, ಬೆಂಗಳೂರಿನ ಎಸ್‌ಪಿ ರೋಡಿನ ಅಗ್ಗದ ಹಳದಿ ಡಬ್ಬಿ ಮನೆಯ ರಿಮೋಟ್ ಸೆಲ್ ನೋಡೋಕೆ ಸಾಕು.

ಆಮೇಲೆ ಮೋಟಾರಿಗೆ ಹೋಗುವ ಯು, ವಿ, ಡಬ್ಲ್ಯೂ ಮೂರೂ ಪವರ್ ವೈರುಗಳನ್ನು ಆಂಪ್ಲಿಫೈಯರಿಂದ ಬಿಚ್ಚಿ. ಬಿಚ್ಚದೆ ಮೆಗ್ಗರ್ ತಿರುಗಿಸಿದರೆ ಟ್ರಾನ್ಸಿಸ್ಟರ್ ಮಾಡ್ಯೂಲಿಗೆ ನೀವೇ ಕೊಳ್ಳಿ ಇಟ್ಟ ಹಾಗೆ. ಸೆನ್ಸರ್ ವೈರಿಗೆ ಮೆಗ್ಗರ್ ತಾಗಿಸಲೇಬೇಡಿ. 500 ವೋಲ್ಟ್ ಡಿಸಿಯಲ್ಲಿ ಒಂದೊಂದು ವೈರಿಗೂ ಮೋಟಾರಿನ ಬಾಡಿಗೂ (ಅರ್ತ್) ನಡುವೆ ಅಳೆಯಿರಿ. 100 ಮೆಗಾಓಮ್ ದಾಟಿದರೆ ಚಿಂತೆ ಇಲ್ಲ. ಹತ್ತರ ಆಸುಪಾಸಿಗೆ ಇಳಿದಿದ್ದರೆ ವೈಂಡಿಂಗ್ ಅಂಗಡಿಯವರಿಗೆ ಹೇಳಿಡಿ. ಒಂದಕ್ಕಿಂತ ಕಡಿಮೆ ಇದ್ದರೆ ಮೋಟಾರ್ ಇಳಿಸಿ. ಕೇಬಲ್ ಬೇರೆ ಮಾಡಿ ಇನ್ನೊಂದು ಸಲ ನೋಡಿ, ಎಷ್ಟೋ ಸಲ ಮೋಟಾರ್ ಸರಿ ಇದ್ದು ಕೇಬಲ್ ಉಜ್ಜಿಕೊಂಡಿರುತ್ತದೆ.

ಎಲ್ಲಾ ನಂಬರಿಗೂ ಇದೇ ಮದ್ದಲ್ಲ. 9001 ಆದರೆ ಮೋಟಾರ್ ಬಿಸಿ, ಹಿಂದಿನ ಫ್ಯಾನ್ ತಿರುಗುತ್ತಿದೆಯಾ, ಎಣ್ಣೆ-ಧೂಳು ಕಟ್ಟಿದೆಯಾ ನೋಡಿ. 9073 ಬಂದರೆ ಸೆನ್ಸರ್ ಕೇಬಲ್, ಕನೆಕ್ಟರ್. ಯಾವ ಅಲಾರ್ಮ್ ಬಂದರೂ ಮೊದಲು ಸ್ಕ್ರೀನಿನ ನಂಬರು, ಆಂಪ್ಲಿಫೈಯರ್ ಮೇಲಿನ ಎರಡಂಕಿ, ಆಗಿನ ಸ್ಪೀಡು, ಲೋಡ್ ಮೀಟರ್ ಎಲ್ಲದರ ಫೋಟೋ ತೆಗೆಯಿರಿ. ಆಫ್ ಮಾಡಿದರೆ ಅರ್ಧ ಸಾಕ್ಷಿ ಹೋಯಿತು.

ಇನ್ನೊಂದು, ನೀವು ಹಾಕಿದ ವಿಡಿಯೋದಲ್ಲಿ, ಬಾಗಿಲು ತೆಗೆದರೂ ಮುಚ್ಚಿದೆ ಅಂತ ಮಷೀನ್ ನಂಬುವ ಹಾಗೆ ಡೋರ್ ಸ್ವಿಚ್ಚಿಗೆ ಬಿಡಿ ಕೀ ಸಿಕ್ಕಿಸಿರುವುದು ಕಂಡಿತು. ಸಿಟ್ಟು ಬಂತು ಕಣ್ರೀ. ಇಂಥ ಅಲಾರ್ಮ್ ಬಂದಾಗ ಮೋಟಾರಿಗೆ ಕರೆಂಟ್ ನಿಲ್ಲುತ್ತದೆ, ಬ್ರೇಕ್ ಹಾಕುವವರು ಯಾರೂ ಇಲ್ಲ, ಸ್ಪಿಂಡಲ್ ತನ್ನಷ್ಟಕ್ಕೆ ತಿರುಗುತ್ತಲೇ ಇರುತ್ತದೆ. ದೊಡ್ಡ ಫೇಸ್ ಮಿಲ್ ಇದ್ದರಂತೂ ನಿಲ್ಲೋಕೆ ಬಹಳ ಹೊತ್ತು ಬೇಕು. ಅಷ್ಟರಲ್ಲಿ ಬಾಗಿಲು ತೆಗೆದು ಚಿಪ್ ಎಳೆಯುವ ಹುಡುಗರನ್ನು ನೋಡಿದ್ದೇನೆ. ಆ ಕೀ ಇವತ್ತೇ ತೆಗೆಯಿರಿ.

ಅಲಾರ್ಮ್ ಬಂದು ಟೂಲ್ ಜಾಬಿನೊಳಗೆ (ಕಟ್ ಮಾಡುತ್ತಿರುವ ಲೋಹದ ತುಂಡು) ನಿಂತಿದ್ದರೆ ನೇರ ಹೋಮ್ ಒತ್ತಬೇಡಿ. ಹ್ಯಾಂಡ್‌ವೀಲಿನಲ್ಲಿ ಅತಿ ಸಣ್ಣ ಸ್ಟೆಪ್ಪಲ್ಲಿ, ಬಂದ ದಾರಿಯಲ್ಲೇ ಹೊರಗೆ. ರಿಜಿಡ್ ಟ್ಯಾಪಿಂಗ್ (ತೂತಿನಲ್ಲಿ ಥ್ರೆಡ್ ಹಾಕುವ ಕೆಲಸ) ಮಧ್ಯೆ ಅಲಾರ್ಮ್ ಬಂದರೆ ಝಡ್ (ಸ್ಪಿಂಡಲ್ ಹೆಡ್ ಮೇಲೆ-ಕೆಳಗೆ ಚಲಿಸುವ ಅಕ್ಷ) ಎತ್ತಲೇಬೇಡಿ, ಟ್ಯಾಪ್ ಮುರಿದು ಜಾಬೂ ಹೋಗುತ್ತದೆ. ಟ್ಯಾಪ್ ಹಿಡಿದಿರುವ ಕೊಲೆಟ್ ಸಡಿಲಿಸಿ ಟ್ಯಾಪನ್ನು ಜಾಬಿನಲ್ಲೇ ಬಿಟ್ಟು, ಆಮೇಲೆ ಕೈಯಲ್ಲಿ ತಿರುಗಿಸಿ ತೆಗೆಯಿರಿ. ಮೋಟಾರ್ ಇಳಿಸುವ ಹೊತ್ತು ಬಂದರೆ ಸ್ಪಿಂಡಲ್ ಹೆಡ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ, ಝಡ್ ಬ್ರೇಕ್ ಹಿಡಿದೇ ಇರುತ್ತದೆ ಅಂತ ಅದರ ಕೆಳಗೆ ಕೈ ಹಾಕಬೇಡಿ.

ಮೆಗ್ಗರ್ ಇಲ್ಲದಿದ್ದರೆ ಹತ್ತಿರದ ಮೋಟಾರ್ ವೈಂಡಿಂಗ್ ಅಂಗಡಿಯವರನ್ನು ಕರೆಸಿ, ಅರ್ಧ ಗಂಟೆ ಕೆಲಸ. ಮೂರೂ ಫೇಸಿನ ರೀಡಿಂಗ್ ಇಲ್ಲಿ ಹಾಕಿ, ಮುಂದಿನದು ಹೇಳುತ್ತೇನೆ. ಅಲ್ಲಿಯವರೆಗೆ ಮಷೀನ್ ಆನ್ ಮಾಡಬೇಡಿ.