ಮಗುವಿನ ಬಟ್ಟೆ ಡೈಪರ್‌ಗೆ ಒಳಗಿನ ಪ್ಯಾಡ್ ಮೈಕ್ರೋಫೈಬರ್‌ನದು ಒಳ್ಳೆಯದೋ, ಹತ್ತಿಯದೋ?

ಹತ್ತಿಯದೇ ತಗೊಳ್ಳಿ. ಮೈಕ್ರೋಫೈಬರ್ ಬೇಗ ಹೀರುತ್ತದೆ, ಬೇಗ ಒಣಗುತ್ತದೆ, ನಿಜ. ಆದರೆ ಅದು ಹೆಚ್ಚಾಗಿ ಪಾಲಿಯೆಸ್ಟರ್. ನೀರು ಎಳೆಯೊಳಗೆ ಇಳಿಯದೆ ಎಳೆಗಳ ಸಂದಿನಲ್ಲಷ್ಟೇ ನಿಲ್ಲುತ್ತದೆ. ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡರೆ ಸಾಕು, ಸ್ಪಂಜು ಹಿಂಡಿದ ಹಾಗೆ ತೊಡೆಯ ಪಕ್ಕದಿಂದ ಸೋರುತ್ತದೆ. ಹತ್ತಿಯ ಎಳೆ ನೀರು ಕುಡಿದು ತಾನೇ ಉಬ್ಬುತ್ತದೆ, ಒತ್ತಿದರೂ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೈಕ್ರೋಫೈಬರ್ ಮಗುವಿನ ಚರ್ಮಕ್ಕೆ ನೇರವಾಗಿ ತಾಗಲೂಬಾರದು, ಚರ್ಮದ ಪಸೆಯನ್ನೂ ಎಳೆದು ಒಣಗಿಸುತ್ತದೆ.

ಹೊಸ ಹತ್ತಿ ಪ್ಯಾಡಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನೆಲೆಯ ಮೇಲಿನಂತೆ ಉರುಳಿದರೆ ಗಾಬರಿ ಬೇಡ: ಹತ್ತಿಯಲ್ಲಿ ಸಹಜವಾಗಿ ಮೇಣದಂಶ ಇರುತ್ತದೆ, ನಾಲ್ಕೈದು ಸಲ ಒಗೆದ ಮೇಲೆ ಸರಿಯಾಗಿ ಹೀರತೊಡಗುತ್ತದೆ. ಕೊನೆಗೆ ಘಮಕ್ಕೆಂದು ಫ್ಯಾಬ್ರಿಕ್ ಕಂಡಿಷನರ್ ಮಾತ್ರ ಹಾಕಬೇಡಿ, ಅದು ಎಳೆಗಳ ಮೇಲೆ ಮತ್ತೆ ಜಿಡ್ಡಿನ ಪದರ ಕೂರಿಸುತ್ತದೆ.

ಹತ್ತಿಯ ತೊಂದರೆ ಒಂದೇ, ಒಣಗುವುದು ನಿಧಾನ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಕೇಳಲೇಬೇಡಿ. ಅದಕ್ಕೇ ದಪ್ಪಗೆ ಹೊಲಿದಿದ್ದಕ್ಕಿಂತ ಮಡಚಿ ಇಡುವಂಥದ್ದು ವಾಸಿ. ಬಿಡಿಸಿ ಹರವಿದರೆ ಒಂದೇ ಪದರ. ಅಜ್ಜಿಯರು ಹಳೇ ಪಂಚೆ ಹರಿದು ಮಾಡುತ್ತಿದ್ದ ಲಂಗೋಟಿಯೂ ಇದೇ ಲೆಕ್ಕ.